ಗುಲಾಬಿ ಸೋಡಾ ಮತ್ತು ನನ್ನ ಹೆಂಡತಿಯ ಮೊಣಕಾಲು

ಸೋಡಾ ಮಾರುವವನ ಬಾಳಿನಲ್ಲಿ ಏನು ನಡೆದೀತು ಎಂದು ಕೇಳುವವರು ಒಂದು ವಾರ ಶಹಾಪುರಕ್ಕೆ ಬಂದು ನನ್ನ ಅಂಗಡಿಯ ಮುಂದಿನ ಬಾಕಿನ ಮೇಲೆ ಕೂರಬೇಕು. ನಾನು ಯಾರ ತಂಟೆಗೂ ಹೋಗುವವನಲ್ಲ. ಬೆಳಿಗ್ಗೆ ಬಾಗಿಲು ತೆರೆಯುತ್ತೇನೆ, ಗೋಲಿ ಸೋಡಾ ತುಂಬುತ್ತೇನೆ, ನಿಂಬೆ ಶರಬತ್ತು, ಗುಲಾಬಿ ಶರಬತ್ತು ಕಲಸಿ ಕೊಡುತ್ತೇನೆ, ಸಂಜೆ ಬಾಗಿಲು ಹಾಕುತ್ತೇನೆ. ಆದರೂ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಅವಕ್ಕೆ ನನ್ನ ವಿಳಾಸ ಯಾರು ಕೊಡುತ್ತಾರೋ ಗೊತ್ತಿಲ್ಲ.

ಮೊದಲೇ ಒಂದು ಮಾತು. ನಮ್ಮ ಮನೆಯೊಳಗಿನ ಮಾತು ಉರ್ದು, ಅಂದರೆ ನಮ್ಮ ಕಡೆಯ ದಖನಿ. ಹೆಂಡತಿ ಬೈದದ್ದನ್ನು ನಿಮಗಾಗಿ ಕನ್ನಡದಲ್ಲೇ ಹೇಳುತ್ತೇನೆ. ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತದೆ. ಒಂದು ಪದವನ್ನು ಮಾತ್ರ ಹಾಗೇ ಬಿಡುತ್ತೇನೆ: "ನಕ್ಕೋ". ಬೇಡ ಎಂದು ಅರ್ಥ. ನಮ್ಮ ಮದುವೆಯಾದಂದಿನಿಂದ ನಾನು ಅತಿ ಹೆಚ್ಚು ಸಲ ಕೇಳಿದ ಪದ ಅದು.

೧. ಟಂಟಂ ಹೊರಟಿತು

ಎಲ್ಲಕ್ಕೂ ಮೂಲ ನಮ್ಮ ಸೋಡಾ ಮಷಿನ್. ಅಜ್ಜ ಅದನ್ನು ಹೈದರಾಬಾದಿನಿಂದ ಎತ್ತಿನ ಬಂಡಿಯಲ್ಲಿ ತಂದ ಎಂದು ಅಪ್ಪ ಹೇಳುತ್ತಿದ್ದ, ರೈಲಿನಲ್ಲಿ ತಂದ ಎಂದು ಚಿಕ್ಕಪ್ಪ ಹೇಳುತ್ತಿದ್ದ. ಇಬ್ಬರೂ ಈ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರು. ಕಬ್ಬಿಣದ ನಾಲ್ಕು ಕಾಲು, ನಡುವೆ ಬಾಟಲಿ ಕೂರಿಸುವ ತೊಟ್ಟಿಲು, ಪಕ್ಕದಲ್ಲಿ ಗ್ಯಾಸಿನ ಸಿಲಿಂಡರ್, ತಿರುಗಿಸಲು ಕಟ್ಟಿಗೆಯ ಒಂದು ಹಿಡಿಕೆ. ಆ ಹಿಡಿಕೆ ಅಪ್ಪನ ಅಂಗೈಗೆ ತಕ್ಕಂತೆ ಸವೆದಿದೆ. ಅದನ್ನು ಹಿಡಿದಾಗಲೆಲ್ಲ ನನಗೆ ಅವನ ಕೈ ಹಿಡಿದ ಹಾಗಾಗುತ್ತದೆ. ಒಂದು ದಿನ ಮನಸ್ಸು ಮೆತ್ತಗಾಗಿ ಇದನ್ನು ಹೆಂಡತಿಗೆ ಹೇಳಿಬಿಟ್ಟೆ.

"ಹಂಗಾದ್ರ ಹಿಡಿಕಿ ಇಟ್ಗೋರಿ, ಉಳಿದದ್ದು ಗುಜರಿಗೆ ಹಾಕ್ರಿ" ಅಂದಳು.

ಅವಳ ಸಿಟ್ಟಿಗೂ ಕಾರಣವಿದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಇಕ್ಕಟ್ಟಿನಲ್ಲಿ ಮಷಿನ್. ಅದರ ಮುಂದಿನ ಒಂದು ಕಾಲು ಸ್ವಲ್ಪ ಹೊರಗೆ ಚಾಚಿಕೊಂಡಿದೆ. ಆ ಕಾಲಿಗೂ ಅವಳ ಬಲ ಮೊಣಕಾಲಿಗೂ ಮೊದಲಿನಿಂದಲೂ ಹಗೆ. ಚಹಾ ಹಿಡಿದು ಬಂದರೂ ಬಡಿಯುತ್ತದೆ, ಕಸಬರಿಗೆ ಹಿಡಿದು ಬಂದರೂ ಬಡಿಯುತ್ತದೆ. ಮಷಿನ್ ಹೋದರೆ ಆ ಜಾಗದಲ್ಲಿ ಬಾಟಲಿ ತಣ್ಣಗಿಡುವ ಫ್ರಿಜ್ ಇಡಬಹುದು ಎಂಬುದು ಅವಳ ಲೆಕ್ಕ. ಪ್ರತಿ ಸೋಮವಾರ ಯಾದಗಿರಿಯಿಂದ ಬರುವ ಗುಜರಿಯವನೂ ಮಷಿನ್‌ಗೆ ಬೆರಳ ಗೆಣ್ಣಿನಿಂದ ಠಣ್ ಎಂದು ಬಡಿದು, "ಗಟ್ಟಿ ಕಬ್ಬಿಣ ಅದ ಭಾಯ್, ಯಾವಾಗ ಕೊಡ್ತೀರಿ ಹೇಳ್ರಿ" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ನನಗೆ ಅದು ಮನೆಯಲ್ಲಿ ಕಾಯಿಲೆಯವರಿದ್ದಾಗ ಯಾರೋ ಬಂದು ಗೋರಿಗೆ ಅಳತೆ ತೆಗೆದುಕೊಂಡು ಹೋದಂತೆ ಆಗುತ್ತಿತ್ತು.

ಮಷಿನ್‌ದೂ ಒಂದು ಚಟ. ಗ್ಯಾಸ್ ಹೆಚ್ಚಾದರೆ ಬಾಟಲಿ ಒಡೆಯುತ್ತದೆ. ಅಂಗಡಿಯ ಎದುರಿಗೆ ಸುರಪುರದ ಕಡೆ ಹೋಗುವ ಟಂಟಂ ಆಟೋ ನಿಲ್ಲುತ್ತದೆ. ಹದಿನಾಲ್ಕು ಮಂದಿ ತುಂಬಿ, ಹದಿನೈದನೆಯವನ ಒಂದು ಕಾಲು ಒಳಗೆ ಬಂದ ಮೇಲೇ ಅದರ ಡ್ರೈವರ್ ಚಾವಿ ತಿರುಗಿಸುವುದು. ಒಂದು ಮಧ್ಯಾಹ್ನ ಒಳಗೆ ಇಬ್ಬರೇ ಗಂಡ ಹೆಂಡತಿ ಕೂತಿದ್ದರು. ಒಂದು ತಾಸಿನಿಂದ ಕಾಯುತ್ತಿದ್ದರು. ನಾನು ಹಿಡಿಕೆ ತಿರುಗಿಸುತ್ತಿದ್ದೆ, ಬಾಟಲಿ ಢಮ್ ಎಂದಿತು. ಡ್ರೈವರ್ ಏನೆಂದುಕೊಂಡನೋ, ಹಿಂದೆ ಮುಂದೆ ನೋಡದೆ ಗಾಡಿ ಎಬ್ಬಿಸಿ, ಇಬ್ಬರನ್ನೇ ಹೊತ್ತು ಸುರಪುರದವರೆಗೆ ಎಲ್ಲೂ ನಿಲ್ಲದೆ ಹೋದನಂತೆ.

ಮರುದಿನ ಆ ಗಂಡ ಹೆಂಡತಿ ನನ್ನ ಅಂಗಡಿಗೆ ಬಂದರು. ಜಗಳಕ್ಕೆ ಬಂದರು ಎಂದು ನಾನು ಹೆದರಿದೆ. ಗಂಡ ಮೆಲ್ಲಗೆ ಕೇಳಿದ: "ಭಾಯ್, ಇವತ್ತು ಎಷ್ಟೊತ್ತಿಗೆ ಒಡೀತೀರಿ?"

೨. ಬಾಯಿ ತೆರೆದಾಗ ಬಂದ ಆರ್ಡರ್

ನನ್ನ ಬಲದವಡೆಯ ಕೊನೆಯ ಹಲ್ಲು ಹಾಳಾಗಿ, ಯಾದಗಿರಿಯ ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಮಲಗಿದ್ದೆ. ಬಾಯಿ ತುಂಬ ಹತ್ತಿ, ನಾಲಿಗೆಯ ಪಕ್ಕದಲ್ಲಿ ನೀರು ಎಳೆಯುವ ನಳಿಕೆ, ಮುಖದ ಮೇಲೆ ಲೈಟು. ಡಾಕ್ಟರಮ್ಮ ಒಳ್ಳೆಯ ಹೆಂಗಸು. ಒಂದೇ ಕೊರತೆ ಎಂದರೆ ಉತ್ತರ ಕೊಡಲಾಗದವರ ಹತ್ತಿರವೇ ಅವರಿಗೆ ಮಾತು ಹೆಚ್ಚು.

"ನೀವು ಶಹಾಪುರದಾಗ ಸೋಡಾ ಮಾಡ್ತೀರಲ್ಲ?"

"ಆಂ."

"ಛಲೋ ಆತು. ಬರೋ ಐತವಾರ ನಮ್ಮ ಹೊಸ ಮನ್ಯಾಗ ಬ್ರಂಚ್ ಇಟ್ಗೊಂಡೀನಿ. ನನ್ನ ಜೊತಿ ಓದಿದವರು ಬರ್ತಾರ. ನೀವ ಮಾಡಿಕೊಡ್ರಿ."

"ಆಂ?"

"ಬ್ರಂಚ್ ರೀ. ನಾಷ್ಟಾ ಅಲ್ಲ, ಊಟಾನೂ ಅಲ್ಲ. ಎರಡರ ನಡುವಿಂದು. ಹನ್ನೊಂದಕ್ಕ."

ನಾಷ್ಟಾ ಮತ್ತು ಊಟದ ನಡುವೆ ನಮ್ಮ ಕಡೆ ಇರುವುದು ಚಹಾ ಒಂದೇ. ಅದನ್ನು ಹೇಳಲು ಬಾಯಿ ಖಾಲಿ ಇರಲಿಲ್ಲ. ಅವರು ಒಂದು ಕೈಯಲ್ಲಿ ಇಕ್ಕಳ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು ನನ್ನ ಕಣ್ಣ ಮುಂದೆ ಹಿಡಿದರು. ಉದ್ದ ಕಾಲಿನ ಗ್ಲಾಸು, ಅದರಲ್ಲಿ ಗುಲಾಬಿ ಬಣ್ಣದ ನೀರು, ಕೆಳಗಿನಿಂದ ಮೇಲಕ್ಕೆ ಏಳುವ ಗುಳ್ಳೆ, ಮೇಲೆ ತೇಲುವ ಹೂವಿನ ಪಕಳೆ, ಗ್ಲಾಸಿನ ಅಂಚಿಗೆ ಒಂದು ಕಾಗದದ ಕೊಡೆ.

"ಇದಕ್ಕ ಕಾಕ್‌ಟೇಲ್ ಅಂತಾರ" ಅಂದರು.

ನಾನು ಕುರ್ಚಿಯಿಂದ ಏಳಲು ನೋಡಿದೆ. ನಮ್ಮ ಮೂರು ತಲೆಮಾರಿನಲ್ಲಿ ಯಾರೂ ದಾರು ಮುಟ್ಟಿದವರಲ್ಲ. "ಆಆಆ" ಎಂದು ಕೈಕಾಲು ಆಡಿಸಿದೆ. ನೋವಾಯಿತೆಂದು ತಿಳಿದು ಅವರು ಇನ್ನೊಂದು ಸೂಜಿ ಚುಚ್ಚಿದರು.

"ದಾರು ಹಾಕಂಗಿಲ್ರಿ. ಬರೇ ಹೂವು, ಹಣ್ಣು, ಸೋಡಾ. ನಮ್ಮ ಅತ್ತಿಯವರು ಪ್ರತಿ ಅಮಾಸಿಗೆ ಅಬ್ಬೆತುಮಕೂರ ಮಠಕ್ಕ ಹೋಗೋರು, ಅವರ ಮನ್ಯಾಗ ದಾರು ಹಾಕಾಕ ಆಗ್ತದೇನು? ಆದ್ರ ಗುಳ್ಳಿ ಜೀವಂತ ಇರಬೇಕು. ಮಷಿನ್ ಅಲ್ಲಿಗೇ ತರ್ರಿ. ಐವತ್ತು ಗ್ಲಾಸ್ ಆಗಬೇಕು. ಆಗ್ತದಲ್ಲ?"

ಅಷ್ಟರಲ್ಲಿ ಹಲ್ಲು ಕಿತ್ತರು. ನಾನು ನೋವಿಗೆ ತಲೆ ಮೇಲೆ ಕೆಳಗೆ ಮಾಡಿದೆ. ಆರ್ಡರ್ ಪಕ್ಕಾ ಆಯಿತು.

ಮನೆಗೆ ಬಂದು ಹೆಂಡತಿಗೆ ಬಾತ ಕೆನ್ನೆಯಿಂದಲೇ ಹೇಳಿದೆ. ಇಂಥ ಆರ್ಡರ್ ಬಂದದ್ದು ಮಷಿನ್‌ನಿಂದಲೇ ಎಂದು ಸ್ವಲ್ಪ ಒತ್ತಿ ಹೇಳಿದೆ. ಅವಳು ಮೊಣಕಾಲು ಒತ್ತಿಕೊಳ್ಳುತ್ತಾ ಕೇಳಿಸಿಕೊಂಡು ಷರತ್ತು ಹಾಕಿದಳು. "ಐವತ್ತು ಗ್ಲಾಸ್ ಒಯ್ಯಾಕತ್ತೀರಲ್ಲ, ಐವತ್ತೂ ಎಂಜಲಾಗಿ ವಾಪಸ್ ಬರಬೇಕು. ಮಂದಿ ಕುಡದ್ರ ಮಷಿನ್ ಇರಲಿ, ನಾ ಇನ್ನ ಮ್ಯಾಲ ಬಾಯಿ ತೆಗೆಯಂಗಿಲ್ಲ. ಗ್ಲಾಸ್ ಸ್ವಚ್ಛ ಬಂದ್ರ ಸೋಮವಾರ ಗುಜರಿಯವನ ಗಾಡಿಗೆ."

ಅವತ್ತು ಒಂದು ಹಲ್ಲು ಹೋಗಿತ್ತು. ಸೋಮವಾರ ಅಪ್ಪನ ಕೈಯೂ ಹೋಗಬಹುದು ಎಂದು ಹೆದರಿಕೆಯಾಯಿತು. ಹೆದರಿಕೆಯನ್ನು ಸರಿಯಾಗಿ ಹೇಳಿಕೊಳ್ಳಲು ಎಡಗಡೆಯ ದವಡೆ ಮಾತ್ರ ಉಳಿದಿತ್ತು.

೩. ಯಾರಿಗೆ ಹೂವು?

ಗುಲಾಬಿ ಶರಬತ್ತು ನಾವು ಅಜ್ಜನ ಕಾಲದಿಂದ ಮಾಡುತ್ತೇವೆ, ಆದರೆ ಬಾಟಲಿಯ ಗುಲಾಬಿಯಿಂದ. ಡಾಕ್ಟರಮ್ಮನಿಗೆ ನಿಜವಾದ ಹೂವೇ ಬೇಕು. ಮಾರುಕಟ್ಟೆಗೆ ಹೋಗಿ ಹೂವಿನ ಅಂಗಡಿಯವಳ ಹತ್ತಿರ ಎರಡು ಕಿಲೋ ಬಿಡಿ ಗುಲಾಬಿ ಕೇಳಿದೆ.

ಅವಳು ತಕ್ಕಡಿ ಕೈಗೆತ್ತಿಕೊಂಡು ನನ್ನ ಬಾತ ಮುಖ ನೋಡಿ ದನಿ ತಗ್ಗಿಸಿದಳು. "ಯಾರ್ ಹೋದ್ರು ಭಾಯ್?"

"ಯಾರೂ ಹೋಗಿಲ್ಲವಾ."

"ಮತ್ತ ಲಗ್ನ ಏನು?"

"ಲಗ್ನಾನೂ ಅಲ್ಲ. ಕುಡಿಯಾಕ."

ಅವಳು ಹೂವು ಕಟ್ಟಿಕೊಟ್ಟು, ಇನ್ನೊಂದು ಗುಲಾಬಿ ಮೇಲೆ ಹಾಕಿ, "ಮನ್ಯಾಗ ಯಾರರ ಹಿರಿಯರು ಇದ್ರ ಅವರ ಮಾತು ಕೇಳ್ರಿ" ಅಂದಳು.

ರುಚಿ ನೋಡುವ ಕೆಲಸಕ್ಕೆ ಪಕ್ಕದ ಅಂಗಡಿಯ ಟೇಲರ್ ಸಿಕ್ಕಿದ. ಅವನಿಗೆ ಸೋಡಾ ಎಂದರೆ ಪ್ರಾಣ. ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಸುರುವಾಯಿತು ಎಂದು ಅಳತೆಯ ಪಟ್ಟಿಗೂ ತಿಳಿಯದಷ್ಟು ಬೋಳು. ಮೊದಲು ಮಲ್ಲಿಗೆ ನೆನೆಸಿದ ನೀರಿಗೆ ಸೋಡಾ ಹಾಕಿ ಕೊಟ್ಟೆ. ಕುಡಿದು ಕಣ್ಣು ಮುಚ್ಚಿ ಯೋಚಿಸಿದ.

"ಹೆಂಗದ?"

"ಮುತ್ತೈದಿ ತುರುಬು ಹಿಂಡಿ ಕುಡದಂಗ ಆತು."

ಮಲ್ಲಿಗೆ ಕೈಬಿಟ್ಟೆ. ಎರಡನೆಯದು ದಾಸವಾಳ. ಬಿಸಿ ನೀರಿನಲ್ಲಿ ಅದ್ದಿದಾಗ ಬದನೆಕಾಯಿ ಬಣ್ಣ ಬಿಟ್ಟಿತು. ನಿಂಬೆ ಹಿಂಡಿದ ಕೂಡಲೇ ಕಣ್ಣೆದುರೇ ಕೆಂಪಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ನಕ್ಕೋ! ತನ್ನ ಬಣ್ಣದ ಮ್ಯಾಲ ತಾನ ನಿಲ್ಲದ್ದನ್ನ ಮಂದಿಗೆ ಕುಡಸ್ತೀರೇನು" ಅಂದಳು. ದಾಸವಾಳ ಕೂದಲಿಗೆ ಹಚ್ಚುವ ವಸ್ತು, ಹೊಟ್ಟೆಗೆ ಹಾಕಿದರೆ ಒಳಗೇ ಬೆಳೆಯುತ್ತದೆ ಎಂದೂ ಸೇರಿಸಿದಳು.

ಟೇಲರ್ ಗ್ಲಾಸನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಲ್ಲಿಸಿದ. ನನ್ನನ್ನು ನೋಡಿದ, ಅವಳನ್ನು ನೋಡಿದ, ರಸ್ತೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಇಡೀ ಗ್ಲಾಸನ್ನು ತಲೆಯ ಮೇಲೆ ಸುರಿದುಕೊಂಡ.

ಕೊನೆಗೆ ಗೆದ್ದದ್ದು ಮೂರನೆಯದು. ಗುಲಾಬಿ ಪಕಳೆ ಹಾಕಿ ಕಾಯಿಸಿದ ಸಕ್ಕರೆ ಪಾಕ, ಮೋಸಂಬಿ ರಸ, ನಿಂಬೆ, ಮೇಲೆ ದಾಳಿಂಬೆ ಕಾಳು, ಪುದೀನಾ ಎಲೆ, ಕುಡಿಯುವ ಹೊತ್ತಿಗೆ ಸೋಡಾ. ಟೇಲರ್ ನಾಲ್ಕು ಗ್ಲಾಸು ಕುಡಿದ. ಹೇಗಿದೆ ಎಂದರೆ, ಬಾಯಿ ಒರೆಸಿಕೊಂಡು, "ಇದೂ ಛಲೋ ಅದ. ಆದ್ರ ಆ ದಾಸವಾಳದ್ದು ಇನ್ನೊಂದೀಟು ಉಳದದೇನು? ನೆತ್ತಿ ಮ್ಯಾಲ ಏನೋ ಚಿಗುರಿದಂಗ ಆಗಾಕತ್ತದ" ಅಂದ.

೪. ಹಂಡೆಗೆ ಸೀಟು

ಡಾಕ್ಟರಮ್ಮನ ಮೊಬೈಲಿನ ಇನ್ನೊಂದು ಫೋಟೋದಲ್ಲಿ ಆ ಶರಬತ್ತು ಕಲಸಿ ಇಟ್ಟದ್ದು ಕೆಳಗೆ ನಲ್ಲಿ ಇರುವ ದೊಡ್ಡ ಗಾಜಿನ ಬರಣಿಯಲ್ಲಿ. ಯಾದಗಿರಿಯಲ್ಲಿ ಸಿಗಲಿಲ್ಲ, ಶಹಾಪುರದಲ್ಲಿ ಸಿಗಲಿಲ್ಲ. ಸುರಪುರದಲ್ಲಿ ಪಾತ್ರೆ ಬಾಡಿಗೆ ಕೊಡುವ ಒಬ್ಬರಿದ್ದಾರೆ, ಅವರಲ್ಲಿ ಇಲ್ಲದ್ದಿಲ್ಲ ಎಂದು ಕೇಳಿ ಅಲ್ಲಿಗೆ ಹೋದೆ.

"ಗಾಜಿಂದು ಇಲ್ಲ. ಇದು ಒಯ್ರಿ" ಎಂದು ಒಂದು ತಾಮ್ರದ ಹಂಡೆ ತೋರಿಸಿದರು. ಹುಣಸೆಹಣ್ಣಿನಿಂದ ತಿಕ್ಕಿ ಮುಖ ಕಾಣುವಷ್ಟು ಹೊಳೆಸಿದ್ದರು. ಒಳಗೆ ಹೊಸದಾಗಿ ಕಲಾಯಿ ಹಾಕಿಸಿದ್ದರಿಂದ ನಿಂಬೆಹುಳಿಗೆ ಕಿಲುಬು ಏಳುವ ಹೆದರಿಕೆ ಇಲ್ಲ. ಜೊತೆಗೆ ಉದ್ದ ಹಿಡಿಕೆಯ ಒಂದು ಸಣ್ಣ ಸೌಟು. ಅದನ್ನು ಸಾಮಾನ್ಯವಾಗಿ ಯಾರು ಒಯ್ಯುತ್ತಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನದ್ದಕ್ಕೆಲ್ಲ ನಾನು ಕೇಳದೇ ಬಿಟ್ಟ ಆ ಒಂದು ಪ್ರಶ್ನೆಯೇ ಕಾರಣ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಡೆಯನ್ನು ಅಪ್ಪಿ ಹಿಡಿದು ಬಾಗಿಲಲ್ಲಿ ನಿಂತೆ. ಕಂಡಕ್ಟರ್, "ಇದಕ್ಕ ಲಗೇಜ್ ಆಗ್ತದ" ಎಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರು ಹಂಡೆಯನ್ನೂ ಸೌಟನ್ನೂ ನೋಡಿ ದಡಬಡಿಸಿ ಎದ್ದರು.

"ಇಲ್ಲಿ ಇಡ್ರಿ, ಇಲ್ಲಿ ಇಡ್ರಿ. ಕಾಲಾಗ ಇಡಬಾರದು."

ಹಂಡೆ ಕಿಟಕಿಯ ಪಕ್ಕ ಕೂತಿತು. ಕಂಡಕ್ಟರ್ ಲಗೇಜಿನ ಮಾತು ಅಲ್ಲಿಗೇ ನುಂಗಿ, ಹಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ಹೋದ. ನಾನು ಆಹಾ, ಹಳೆಯ ಪಾತ್ರೆಗೆ ಈ ಮಂದಿ ಎಷ್ಟು ಗೌರವ ಕೊಡುತ್ತಾರೆ ಎಂದು ಮೆಚ್ಚಿಕೊಂಡೆ.

ಒಂದು ಹಳ್ಳಿಯಲ್ಲಿ ಇಬ್ಬರು ಇಳಿದರು, ಹಂಡೆಯ ಪಕ್ಕದ ಸೀಟು ಖಾಲಿಯಾಯಿತು. ನಾನು ಕೂರಲು ಹೋದೆ. ಹಿರಿಯರು ತಡೆದರು. "ನೀವು ನಿಂದರ್ರಿ. ಅದರ ಬಾಜೂಕ ಚಪ್ಪಲಿ ಹಾಕ್ಕೊಂಡು ಕುಂದರ್ತಾರೇನು?" ಶಹಾಪುರದವರೆಗೂ ಹಂಡೆ ಕೂತು ಬಂತು, ನಾನು ನಿಂತು ಬಂದೆ.

೫. ಹನ್ನೊಂದು ಗಂಟೆ

ಐತವಾರ ಬೆಳಿಗ್ಗೆ ಟೆಂಪೋದಲ್ಲಿ ಮಷಿನ್, ಹಂಡೆ, ಐವತ್ತು ಗ್ಲಾಸು, ಐವತ್ತು ಕಾಗದದ ಕೊಡೆ ಹೇರಿಕೊಂಡು ನಾನೂ ಟೇಲರನೂ ಯಾದಗಿರಿ ತಲುಪಿದೆವು. ಡಾಕ್ಟರಮ್ಮ ಹನ್ನೊಂದು ಗಂಟೆ ಎಂದಿದ್ದರು. ಅವರ ಜೊತೆ ಓದಿದವರು ಇನ್ನೂ ಬಂದಿರಲಿಲ್ಲ. ಅತ್ತೆಯವರು ಕರೆದಿದ್ದ ಓಣಿಯ ಹೆಂಗಸರು ಮಾತ್ರ ಒಂಬತ್ತೂವರೆಗೇ ಬಂದು ಗೋಡೆಗುಂಟ ಚಾಪೆಯ ಮೇಲೆ ಕೂತಿದ್ದರು. ಎಲ್ಲರೂ ಮನೆಯಲ್ಲಿ ಮಂಡಕ್ಕಿಯ ಸುಸಲಾ ತಿಂದು ಬಂದಿದ್ದರು. ಊಟ ಎಷ್ಟೊತ್ತಿಗೆ ಎಂದು ಹತ್ತು ನಿಮಿಷಕ್ಕೊಮ್ಮೆ ಒಬ್ಬೊಬ್ಬರೂ ಕೇಳುತ್ತಿದ್ದರು.

ಮಷಿನ್ ಹೊಸ್ತಿಲ ಹತ್ತಿರ ಬಂದ ಕೂಡಲೇ ಅತ್ತೆಯವರು ಕೈ ಅಡ್ಡ ಹಿಡಿದರು. "ತಡೀರಿ. ಹೊಸ ಮನಿಗೆ ಕಬ್ಬಿಣ ಹಂಗ ಬರಬಾರದು." ಒಳಗೆ ಹೋಗಿ ತಟ್ಟೆ ತಂದರು. ಸಿಲಿಂಡರಿಗೆ ಮೂರು ಬೆರಳ ವಿಭೂತಿ, ನಾಲ್ಕು ಕಾಲಿಗೂ ಕುಂಕುಮ, ಹಿಡಿಕೆಗೆ ಚೆಂಡುಹೂವಿನ ಮಾಲೆ, ಮುಂದೆ ಎರಡು ಊದಿನಕಡ್ಡಿ. ಹಿರಿಯರು ಪ್ರೀತಿಯಿಂದ ಮಾಡುವುದಕ್ಕೆ ನಾನೇಕೆ ಬೇಡ ಎನ್ನಲಿ? ಸುಮ್ಮನೆ ತಲೆ ತಗ್ಗಿಸಿ ನಿಂತೆ. ಅಪ್ಪ ಇದ್ದಿದ್ದರೆ ಖುಷಿಪಡುತ್ತಿದ್ದ. ಜೀವಮಾನದಲ್ಲಿ ಅವನ ಮಷಿನ್‌ಗೆ ಹೂ ಹಾಕಿದವರು ಯಾರೂ ಇರಲಿಲ್ಲ.

ಹಂಡೆಯಲ್ಲಿ ಪಾಕ, ಮೋಸಂಬಿ, ನಿಂಬೆ ಎಲ್ಲ ಕಲಸಿದೆ. ಪಕಳೆ ತೇಲಿಬಿಟ್ಟೆ, ಪುದೀನಾ ಎಲೆ ಉದುರಿಸಿದೆ, ದಾಳಿಂಬೆ ಕಾಳು ಸುರಿದೆ. ಟೇಲರ್ ಹಿಡಿಕೆ ತಿರುಗಿಸಿ ಬಾಟಲಿ ತುಂಬಿಕೊಡುತ್ತಿದ್ದ, ನಾನು ಗೋಲಿ ಒತ್ತಿ ಹಂಡೆಗೆ ಬಗ್ಗಿಸುತ್ತಿದ್ದೆ. ಹಂಡೆ ಭುಸ್ ಎಂದು ನೊರೆ ಎದ್ದಿತು. ತಳಕ್ಕೆ ಹೋಗಿದ್ದ ದಾಳಿಂಬೆ ಕಾಳಿಗೆ ಗುಳ್ಳೆ ಮೆತ್ತಿಕೊಂಡು ಒಂದೊಂದಾಗಿ ಮೇಲೆ ಬಂದವು. ಗುಳ್ಳೆ ಒಡೆದ ಮೇಲೆ ಮುಳುಗಿದವು. ಮತ್ತೆ ಮೇಲೆ ಬಂದವು. ಸೋಡಾದಲ್ಲಿ ಏನು ಹಾಕಿದರೂ ಹೀಗೇ ಆಗುತ್ತದೆ, ನನಗೆ ಇದರಲ್ಲಿ ಹೊಸದೇನೂ ಇಲ್ಲ.

ಚಾಪೆಯ ಮೇಲಿನ ಮಾತು ನಿಂತಿತು. ಎಲ್ಲರಿಗಿಂತ ಹಿರಿಯ ಅಜ್ಜಿಯೊಬ್ಬಳು ಎದ್ದು, ಹಂಡೆಯೊಳಗೆ ಇಣುಕಿ, "ಕಾಳು ತಾವ ಏಳಾಕತ್ತಾವ" ಎಂದು ಮೆಲ್ಲಗೆ ಹೇಳಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಎಡಗೈಯ ಮೇಲೆ ಬಲಗೈ ಇಟ್ಟು, ಬೊಗಸೆ ಮಾಡಿ ನನ್ನ ಮುಂದೆ ಚಾಚಿದಳು.

ನಾನು ಸೌಟು ಹಿಡಿದು ಅಲ್ಲೇ ನಿಂತುಬಿಟ್ಟೆ. ತಾಮ್ರದ ಹಂಡೆ, ಸಣ್ಣ ಸೌಟು, ತೇಲುವ ಹೂವು, ಎಲೆ, ಪಕ್ಕದಲ್ಲಿ ವಿಭೂತಿ ಧರಿಸಿದ ಮಷಿನ್. ಬಸ್ಸಿನಲ್ಲಿ ಹಂಡೆಗೆ ಸೀಟು ಸಿಕ್ಕದ್ದು ಯಾಕೆಂದು ಆಗ ಹೊಳೆಯಿತು. ಅದು ಪೂಜೆಯ ತೀರ್ಥಕ್ಕೆಂದೇ ಬಾಡಿಗೆಗೆ ಹೋಗುವ ಹಂಡೆ.

"ಅಮ್ಮಾ, ಇದು ತೀರ್ಥ ಅಲ್ರಿ, ಸೋಡಾ" ಅಂದೆ.

"ಹೌದು, ಹಾಕು."

"ನಾವು ಮುಸಲ್ಮಾನ್ರು ಅಮ್ಮಾ." ನಿಜ ಹೇಳುತ್ತೇನೆ, ಸೌಟನ್ನು ಹಿಂದಕ್ಕೆ ಎಳೆದುಕೊಂಡೆ. ನಾಳೆ ಯಾರಾದರೂ ಒಂದು ಮಾತು ಅಂದರೆ?

ಅಜ್ಜಿ ನನ್ನನ್ನು ಸಣ್ಣ ಹುಡುಗನನ್ನು ನೋಡುವ ಹಾಗೆ ನೋಡಿದಳು. "ಹಿಂದೂ ಮುಸಲ್ಮಾನ್ರು ಇಬ್ಬರೂ ನಡಕೊಳ್ಳೋ ತಿಂಥಣಿ ಮೌನಪ್ಪನ ಗುಡ್ಯಾಗ ಯಾರ್ ಕೈಯಿ ಅಂತ ಕೇಳ್ತಾರೇನ್ ತಮ್ಮಾ? ಹಾಕು, ಕೈ ನೋಯಾಕತ್ತಾವ."

ಹಾಕಿದೆ. ಸುರ್ ಎಂದು ಕುಡಿದಳು. ಉಳಿದ ಹನಿಯನ್ನು ನೆತ್ತಿಗೆ ಒರೆಸಿಕೊಂಡಳು, ಎರಡು ಮೊಣಕಾಲಿಗೂ ಸವರಿಕೊಂಡಳು. ನಾಲಿಗೆಯ ಮೇಲಿನ ಜುಮ್ ಇಳಿಯುವವರೆಗೆ ಕಣ್ಣು ಮುಚ್ಚಿ ನಿಂತು, "ಶಕ್ತಿ ಅದ" ಅಂದಳು. ಚಾಪೆಯ ಮೇಲಿದ್ದವರೆಲ್ಲ ಒಮ್ಮೆಲೇ ಎದ್ದರು. ಅರ್ಧ ಗಳಿಗೆಯಲ್ಲಿ ಸಾಲು ಗೇಟಿನವರೆಗೆ ಹೋಯಿತು. ದಾರಿಯಲ್ಲಿ ಹೋಗುವವರೂ ಚಪ್ಪಲಿ ಬಿಟ್ಟು ಸೇರಿಕೊಂಡರು. ಕಣ್ಣಿಗೆ ಒತ್ತಿಕೊಂಡವರು ನಿಂಬೆಯ ಉರಿಗೆ ನೀರು ಸುರಿಸುತ್ತಿದ್ದರು. ಅದನ್ನು ನೋಡಿ ಹಿಂದಿನವರು ಭಕ್ತಿ ಎಂದು ತಿಳಿದು ತಾವೂ ಒತ್ತಿಕೊಂಡರು.

ಡಾಕ್ಟರಮ್ಮ ಓಡಿ ಬಂದರು. "ಏನ್ರಿ ಇದು? ಗ್ಲಾಸಿನ್ಯಾಗ ಕೊಡ್ರಿ."

ಒಂದು ಗ್ಲಾಸಿಗೆ ತುಂಬಿ ಕೊಡೆ ಸಿಕ್ಕಿಸಿ ಸಾಲಿನಲ್ಲಿದ್ದ ಒಬ್ಬಾಕೆಗೆ ಚಾಚಿದೆ. ಆಕೆ ಹಿಂದೆ ಸರಿದಳು. "ಗ್ಲಾಸಿನ್ಯಾಗ ಯಾರರ ತಗೋತಾರೇನ್ರಿ?" ಎಂದು ಆ ಗ್ಲಾಸನ್ನು ಹಂಡೆಗೇ ಬಗ್ಗಿಸಿ, ಕೊಡೆಯನ್ನು ಕಣ್ಣಿಗೊತ್ತಿಕೊಂಡು ಹೆರಳಿಗೆ ಸಿಕ್ಕಿಸಿಕೊಂಡಳು. ಬಗ್ಗಿಸಿದ ಗ್ಲಾಸನ್ನು ಅತ್ತೆಯವರು ತೊಳೆದು, ಒರೆಸಿ, ಸಾಲಿಗೆ ಜೋಡಿಸಿ ಇಟ್ಟರು. ಅಷ್ಟು ಸ್ವಚ್ಛವಾಗಿ ನಾನೂ ತಂದಿರಲಿಲ್ಲ.

ಹನ್ನೆರಡಕ್ಕೆ ಡಾಕ್ಟರಮ್ಮನ ಗೆಳತಿಯರು ಕಾರಿನಿಂದ ಇಳಿದರು. ಇನ್ನಾದರೂ ನಾಲ್ಕು ಗ್ಲಾಸು ಖರ್ಚಾಗುತ್ತವೆ ಎಂದು ನನಗೆ ಜೀವ ಬಂತು. ಅವರು ಸಾಲು ನೋಡಿದರು, ಇದೇ ಕಾರ್ಯಕ್ರಮ ಇರಬೇಕೆಂದು ತಿಳಿದು ಚಪ್ಪಲಿ ಬಿಟ್ಟು ಸಾಲಿನ ಕೊನೆಗೆ ನಿಂತರು. ಡಾಕ್ಟರಮ್ಮ ಅಳುವುದೋ ನಗುವುದೋ ತಿಳಿಯದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಡೆಗೆ ಅವರೂ ಬಂದು ಕೈ ಚಾಚಿದರು. "ಹಾಕ್ರಿ. ನಮ್ಮ ಅತ್ತಿ ನನ್ನ ಒಂದು ಕೆಲಸಾನರ ಮೆಚ್ಚಿದ್ದು ಇದ ಮೊದಲು."

ಎಲ್ಲ ಮುಗಿದ ಮೇಲೆ ಮೊದಲ ಅಜ್ಜಿ ಮತ್ತೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಕಿವಿಯಲ್ಲಿ ಹೇಳಿದಳು: "ತಪ್ಪು ತಿಳ್ಕೋಬ್ಯಾಡ ತಮ್ಮಾ. ತೀರ್ಥದಾಗ ಕೊರತಿ ಹುಡುಕಬಾರದು. ಆದ್ರ ಒಂದೀಟು ಉಪ್ಪು ಬೇಕಿತ್ತು."

೬. ತಕ್ಕಡಿ

ಮರಳುವಾಗ ಟೆಂಪೋದಲ್ಲಿ ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಮುನ್ನೂರು ಬೊಗಸೆ ಕುಡಿದಿರಬಹುದು, ಆದರೆ ಐವತ್ತು ಗ್ಲಾಸೂ ಫಳಫಳ. ಟೇಲರ್ ಉಪಾಯ ಹೇಳಿದ. "ಹಂಡ್ಯಾಗ ಉಳದಿದ್ದನ್ನ ಗ್ಲಾಸಿಗೆ ಅಂಟಿಸಿಬಿಡೋಣ ಭಾಯ್, ಎಂಜಲ ಆದಂಗ ಕಾಣ್ತದ." ಹಂಡೆಯೊಳಗೆ ಇಣುಕಿದೆವು. ತಳಕ್ಕೆ ಮೆತ್ತಿದ್ದ ಪಕಳೆಯನ್ನೂ ಯಾರೋ ಬೆರಳಿನಿಂದ ತೆಗೆದುಕೊಂಡು ಹೋಗಿದ್ದರು.

ಹೆಂಡತಿ ಗ್ಲಾಸು ನೋಡಿದಳು, ನನ್ನನ್ನು ನೋಡಿದಳು. ನಾನು ನಡೆದದ್ದೆಲ್ಲ ಹೇಳಿದೆ. ನಂಬಲಿಲ್ಲ. ನಾನೂ ಅವಳ ಜಾಗದಲ್ಲಿದ್ದರೆ ನಂಬುತ್ತಿರಲಿಲ್ಲ. "ಮಾತು ಮಾತೇ" ಅಂದಳು. ಮಷಿನ್ ಒಳಗಿಡುವಾಗ ಅದರ ಕಾಲು ಇನ್ನೊಮ್ಮೆ ಅವಳ ಮೊಣಕಾಲಿಗೆ ಬಡಿಯಿತು. ಅಲ್ಲಿಗೆ ಇದ್ದ ಅಷ್ಟಿಷ್ಟು ಆಸೆಯೂ ಹೋಯಿತು.

ಸೋಮವಾರ ಬೆಳಿಗ್ಗೆ ನಾನು ಹಿಡಿಕೆ ಹಿಡಿದು ಸುಮ್ಮನೆ ನಿಂತಿದ್ದೆ. ಚೆಂಡುಹೂವಿನ ಮಾಲೆ ಬಾಡಿತ್ತು, ತೆಗೆಯಲು ಮನಸ್ಸಾಗಿರಲಿಲ್ಲ. ಅಪ್ಪಾ, ಕೈ ಬಿಡಿಸಿಕೊಳ್ಳುತ್ತಿದ್ದೇನೆ, ಕ್ಷಮಿಸು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೊರಗೆ ಗುಜರಿಯವನ ಗಾಡಿ ನಿಂತಿತು.

"ಬಾ ತಮ್ಮಾ, ಒಯ್ಯಿ" ಎಂದು ಹೆಂಡತಿಯೇ ಕರೆದಳು.

ಅವನು ಸಂತೋಷದಿಂದ ತಕ್ಕಡಿ ಹಗ್ಗ ಎಲ್ಲ ಹೊತ್ತು ಒಳಗೆ ಬಂದ. ಮಷಿನ್ ನೋಡಿದ. ವಿಭೂತಿ ನೋಡಿದ, ಕುಂಕುಮ ನೋಡಿದ. ಎರಡು ಹೆಜ್ಜೆ ಹಿಂದೆ ಹೋಗಿ ಹೊಸ್ತಿಲಾಚೆ ಚಪ್ಪಲಿ ಬಿಟ್ಟ.

"ಭಾಯ್, ನಿನ್ನಿ ಯಾದಗಿರ್ಯಾಗ ಡಾಕ್ಟರಮ್ಮನ ಮನಿಗೆ ಹೋಗಿದ್ದು ಇದೇನು?"

"ಇದೇ."

"ನಮ್ಮವ್ವ ಎಲ್ಲಾರಕಿಂತ ಮೊದಲ ತೀರ್ಥ ತಗೊಂಡಾಳ್ರಿ. ಮೊಣಕಾಲಿಗೆ ಹಚ್ಚಿಕೊಂಡಾಳ. ಇವತ್ತು ಮುಂಜಾನಿ ಎದ್ದು ತಾನ ನೀರು ಸೇದ್ಯಾಳ. ಎರಡು ವರ್ಷ ಆಗಿತ್ತು ಆಕಿ ಕೊಡ ಎತ್ತಿ."

"ಅದು ಸೋಡಾ ಅದ" ಅಂದಳು ನನ್ನ ಹೆಂಡತಿ. "ನಿಂಬಿ, ಸಕ್ರಿ, ಸೋಡಾ. ತೂಕ ಹಾಕು."

"ದೇವರನ್ನ ತಕ್ಕಡ್ಯಾಗ ಇಡಂಗಿಲ್ರಿ ಭಾಬಿ."

"ತೂಕ ಬ್ಯಾಡ, ಹಂಗ ಒಯ್ಯಿ. ಪುಗಸಟ್ಟೆ."

ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಹೋದ. "ಮನಿಗೆ ಒಯ್ದ್ರ ದಿನಾ ಮಿಂದು ಮಡಿಲೆ ಇರಬೇಕಾಗ್ತದ. ನನಗ ಆಗಂಗಿಲ್ರಿ, ಗುಜರಿ ಕೆಲಸ." ಹೀಗೆ ಹೇಳಿ ಮಷಿನ್‌ಗೆ ಕೈ ಮುಗಿದು, ಇಷ್ಟು ದಿನ ಬೆರಳಿನಿಂದ ಠಣ್ ಎಂದು ಬಡಿದದ್ದಕ್ಕೆ ಎರಡೂ ಕೆನ್ನೆ ತಟ್ಟಿಕೊಂಡು ಹೋದ. ಅವನು ಹೋಗಿ ಹೇಳಿದ ಮೇಲೆ ಶಹಾಪುರದ ಬೇರೆ ಗುಜರಿಯವರೂ ನಮ್ಮ ಓಣಿಗೆ ಬರುವುದನ್ನು ಬಿಟ್ಟರು. ಮನೆಯಲ್ಲಿ ಹಳೆಯ ತಗಡು, ಖಾಲಿ ಡಬ್ಬಿ ಹಾಗೇ ಬಿದ್ದಿವೆ.

ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ನಮಾಜು ಮುಗಿಸಿ ಬಂದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಕೀಂಯ್ ಎಂದು ಗೋಲಿ ಒತ್ತಿದ ಸದ್ದು ಬಂತು. ಇಣುಕಿ ನೋಡಿದೆ. ಅವಳು ಮಷಿನ್‌ನ ಚಾಚಿದ ಕಾಲಿನ ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತು, ಒಂದು ಬಾಟಲಿ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಬಲ ಮೊಣಕಾಲಿಗೆ ಹಚ್ಚಿ ತಿಕ್ಕುತ್ತಿದ್ದಳು.

"ಏನ್ ಮಾಡಾಕತ್ತಿ?" ಎಂದು ಕೇಳಿದೆ. "ನೀ ಇದನ್ನೆಲ್ಲಾ ನಂಬೋದಿಲ್ಲಲ್ಲ?"

ಅವಳು ತಲೆ ಎತ್ತಲಿಲ್ಲ, ತಿಕ್ಕುವುದನ್ನೂ ನಿಲ್ಲಿಸಲಿಲ್ಲ.

"ನಾ ಏನೂ ನಂಬಿಲ್ಲ. ನೋವು ಕೊಟ್ಟಿದ್ದು ಇದ. ವಾಪಸ್ ತಗೋ ಅಂತ ಹೇಳಾಕತ್ತೀನಿ."